ಮುಂದಿನ ಎರಡು ಗಾಲಿಗಳು

ದೇಜಪ್ಪನಿಗೆ ಹೆದರಿಕೆ ಹುಟ್ಟಿದ್ದು ಗಾಡಿಯ ಸ್ಟೇರಿಂಗ್ ಹಗುರವಾದ ದಿನ. ಹದಿನೇಳು ವರ್ಷ ಆ ಪಿಕಪ್ಪನ್ನು ಎಳೆದಾಡಿ ಅವನ ಭುಜ ಮರಗಟ್ಟಿತ್ತು. ಈಗ ನೋಡಿದರೆ ಎರಡು ಬೆರಳಿಗೆ ತಿರುಗುತ್ತಿತ್ತು. ಬೇರೆ ಡ್ರೈವರಾಗಿದ್ದರೆ ದೇವರಿಗೆ ಒಂದು ಕಾಯಿ ಒಡೆದು ನೆಮ್ಮದಿಯಾಗಿರುತ್ತಿದ್ದ. ದೇಜಪ್ಪ ಕಾಯಿಯನ್ನೂ ಒಡೆದ, ಹೆದರಿದ ಕೂಡ. ದಿನಾ ಜಗಳಾಡುತ್ತಿದ್ದ ಹೆಂಡತಿ ಒಂದು ಬೆಳಿಗ್ಗೆ ಹೇಳಿದ್ದಕ್ಕೆಲ್ಲ ಹೂಂ ಎಂದರೆ ಗಂಡನಿಗೆ ಹೇಗಾಗುತ್ತದೋ ಹಾಗಾಗಿತ್ತು ಅವನಿಗೆ.

ಗಾಡಿ ಅವನದೇನೂ ಅಲ್ಲ. ಕೋಪರಖೈರಣೆಯಲ್ಲಿ ಕೇಟರಿಂಗ್ ನಡೆಸುವ ತಾರಾನಾಥ ಧನಿಗಳದ್ದು. ಮದುವೆ, ಮುಂಜಿ, ಸೀಮಂತ, ಸತ್ತವರ ಬೊಜ್ಜ, ಎಲ್ಲಿ ಊಟವೋ ಅಲ್ಲಿಗೆ ಒಲೆ, ಕೊಪ್ಪರಿಗೆ, ಅಕ್ಕಿ, ಸಿಲಿಂಡರು ಹೊತ್ತು ಹೋಗುವ ಹಳೆಯ ಫೋರ್ ವೀಲ್ ಪಿಕಪ್ಪು. ಸಾಧಾರಣ ಗಾಡಿಗಳಲ್ಲಿ ಇಂಜಿನ್ನಿನ ಬಲ ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಇದರಲ್ಲಿ ಗೇರಿನ ಪಕ್ಕ ಇನ್ನೊಂದು ಗಿಡ್ಡ ಲಿವರ್ ಇತ್ತು. ಅದನ್ನು ಎಳೆದರೆ ಮುಂದಿನ ಗಾಲಿಗಳಿಗೂ ಬಲ ಬರುತ್ತಿತ್ತು. ಮಳೆಗಾಲದಲ್ಲಿ ಮಲಂಗಗಡದ ಕಡೆಯ ಫಾರ್ಮ್‌ಹೌಸುಗಳಿಗೆ ಹೋಗುವಾಗ ಬೇರೆಯವರ ಟೆಂಪೋಗಳು ಕೆಸರಿನಲ್ಲಿ ಹೂತು ಕೂತಿದ್ದರೆ ದೇಜಪ್ಪ ಆ ಲಿವರ್ ಎಳೆದು, ಮೀಸೆಯ ಮೇಲೆ ಕೈಯಾಡಿಸುತ್ತ ಪಕ್ಕದಿಂದ ದಾಟಿ ಹೋಗುತ್ತಿದ್ದ.

ಆ ಲಿವರಿಗೆ ಅವನು ಇನ್ನೊಂದು ಕೆಲಸವನ್ನೂ ಕೊಟ್ಟಿದ್ದ. ಗಾಡಿಯ ಹ್ಯಾಂಡ್‌ಬ್ರೇಕಿನ ತಂತಿ ಹರಿದು ಯಾವ ಕಾಲವಾಯಿತೋ. ಸರಿ ಮಾಡಿಸಬೇಕೆಂದು ಅವನಿಗೆ ಅನಿಸಲೇ ಇಲ್ಲ. ಏರಿನಲ್ಲಿ ನಿಲ್ಲಿಸಿದರೆ ಫಸ್ಟ್ ಗೇರು, ಇಳಿಜಾರಿನಲ್ಲಿ ನಿಲ್ಲಿಸಿದರೆ ರಿವರ್ಸ್ ಗೇರು, ಜೊತೆಗೆ ಗಿಡ್ಡ ಲಿವರನ್ನೂ ಎಳೆದುಬಿಟ್ಟರೆ ಬಂದಾದ ಇಂಜಿನ್ನೇ ನಾಲ್ಕೂ ಗಾಲಿಗಳನ್ನು ಹಿಡಿದುಕೊಳ್ಳುತ್ತದೆ. ಮೇಲಿಂದ ಸಮಾಧಾನಕ್ಕೆ ಗಾಲಿಗೊಂದು ಕಲ್ಲು. ಹದಿನೇಳು ವರ್ಷದಲ್ಲಿ ಒಮ್ಮೆಯೂ ಗಾಡಿ ನಿಲ್ಲಿಸಿದಲ್ಲಿಂದ ಅಲ್ಲಾಡಿರಲಿಲ್ಲ.

ಈ ಸುಖಕ್ಕೆ ಕಲ್ಲು ಹಾಕಿದವನು ಧನಿಗಳ ಮಗ ಕೌಶಲ್. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಅರ್ಧ ಮೆಕ್ಯಾನಿಕ್ ಆದ ಹುಡುಗ, ಆದರೆ ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಡಾಂಬರು ರಸ್ತೆಯಲ್ಲಿ ಹೋಗುವಾಗಲೂ ಮುಂದಿನ ಗಾಲಿಗಳು ಒಳಗಿನ ಎಕ್ಸಲನ್ನೆಲ್ಲ ದಂಡಕ್ಕೆ ತಿರುಗಿಸುತ್ತವೆ, ಡೀಸೆಲ್ ಕುಡಿಯುತ್ತವೆ, ಸ್ಟೇರಿಂಗ್ ಬಿಗಿಯಾಗುತ್ತದೆ. ಕೈಯಿಂದ ತಿರುಗಿಸುವ ಹಬ್ ಕೂರಿಸಿದರೆ ಬೇಡದಾಗ ಮುಂದಿನ ಗಾಲಿಗಳನ್ನು ಬಿಡಿಸಿ ಇಡಬಹುದು. ಇದೇ ವಿಡಿಯೋಗಳ ಜೊತೆಗೆ ಅವನು ಇನ್ನೊಂದು ಮಾತನ್ನೂ ಆಡುತ್ತಿದ್ದ: "ದೇಜಪ್ಪಣ್ಣ, ನಿಮಗೂ ವಯಸ್ಸಾಯ್ತಲ್ಲ, ಆಗೇ ಕ್ಯಾ ಸೋಚಾ ಹೈ?" ಮುಂದೇನು ಯೋಚನೆ ಎಂದು ಪಾಪ, ಕಾಳಜಿಯಿಂದಲೇ ಕೇಳುತ್ತಿದ್ದ. ದೇಜಪ್ಪ ಮಾತ್ರ ಪ್ರತಿ ಸಲ ಬಟ್ಟೆ ತಗೊಂಡು ಗಾಡಿಯ ಗಾಜು ಒರೆಸತೊಡಗುತ್ತಿದ್ದ. ಅರವತ್ತರ ಹತ್ತಿರ ಬಂದ ಡ್ರೈವರನನ್ನು ಬೇರೆ ಯಾರು ಕರೆದು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ?

ಹಬ್ ಕೂರಿಸಿದ್ದು ಕಲ್ಯಾಣದಲ್ಲಿ, ಸಿದ್ರಾಮನ ಗ್ಯಾರೇಜಿನಲ್ಲಿ. ವಿಜಯಪುರದ ಕಡೆಯವನು, ಮಾತು ಒರಟು, ಕೈ ನಯ. ಅವತ್ತು ಕೌಶಲನ ಜೊತೆ ಬಾಗಿಯೂ ಬಂದಿದ್ದಳು. ದೇಜಪ್ಪನ ಹೆಂಡತಿ ಅವಳು. ಅದೇ ಕೇಟರಿಂಗಿನಲ್ಲಿ ತರಕಾರಿ ಹೆಚ್ಚುವ, ಕಾಯಿ ತುರಿಯುವ ಕೆಲಸ. ಕಲ್ಯಾಣದ ಮಾರ್ಕೆಟಿನಲ್ಲಿ ಅವಳಿಗೊಂದು ಮೆಟ್ಟುಕತ್ತಿ, ಎಂದರೆ ಈಳಿಗೆಮಣೆ, ಬೇಕಿತ್ತು. ಕತ್ತಿ ಕೊಂಡು ಬಂದು ಗ್ಯಾರೇಜಿನ ಟಯರಿನ ಮೇಲೆ ಕೂತು, ಸಿದ್ರಾಮ ಗ್ರೀಸ್ ಮೆತ್ತುವುದನ್ನು ಬಾಯಿಬಿಟ್ಟು ನೋಡುತ್ತಿದ್ದಳು. ಎಲ್ಲದರಲ್ಲೂ ಮೂಗು ತೂರಿಸುವುದು ಅವಳ ಹುಟ್ಟುಗುಣ ಎಂದು ಗಂಡ ಬೈಯುತ್ತಿದ್ದ.

ಕೆಲಸ ಮುಗಿದ ಮೇಲೆ ಸಿದ್ರಾಮ ಕೈ ಒರೆಸಿಕೊಂಡು ಹೇಳತೊಡಗಿದ. "ನೋಡ್ರಿ ಕಾಕಾ, ಈ ಗಾಲಿ ನಡುವ ಕುಂದರಿಸೇನಲ್ಲ, ಇದು ಹಬ್. ಇದರ ಮ್ಯಾಗಿನ ಗುಂಡಿ ಫ್ರೀಕ್ಕ ಇದ್ರ ಗಾಲಿ ಬ್ಯಾರೆ, ಎಕ್ಸಲ್ ಬ್ಯಾರೆ. ಒಳಗ ಕುಂತು ನೀವು ಫೋರ್ ವೀಲ್ ಲಿವರ್ ಎಷ್ಟ ಜಗ್ಗಿದ್ರೂ ಮುಂದಿನ ಗಾಲಿಗೆ ಸುದ್ದಿನ ಮುಟ್ಟಂಗಿಲ್ಲ. ಬೇಕಂದ್ರ ಕೆಳಗ ಇಳದು ಎರಡೂ ಕಡೆ ಲಾಕಿಗೆ ತಿರವಬೇಕು. ಕೆಂಪು ಚುಕ್ಕಿ ಹಚ್ಚೇನಿ, ಅದು ಮ್ಯಾಲ ಬರಬೇಕು. ಒಂದ ಕಡೆ ಅಷ್ಟ ತಿರವಿದ್ರ ಉಪಯೋಗಿಲ್ಲ. ಕಟಕ್ ಅಂತ ಸಪ್ಪಳ ಬರಬೇಕು. ಬರಲಿಲ್ಲಂದ್ರ ಗಾಡಿ ಒಂದ್ ಇಂಚು ಸರಸ್ರಿ, ಒಳಗಿನ ಹಲ್ಲು ಕೂಡತಾವ."

ಇದನ್ನು ಕೇಳಿಸಿಕೊಳ್ಳಬೇಕಾದ ದೇಜಪ್ಪ ಆ ಹೊತ್ತಿಗೆ ಏನು ಮಾಡುತ್ತಿದ್ದನೆಂದರೆ, ಗಾಲಿಗಳಡಿಗೆ ಲಿಂಬೆಹಣ್ಣು ಇಡುತ್ತಿದ್ದ. ಗಾಡಿಗೆ ಹೊಸದೇನು ಕೂರಿಸಿದರೂ ಕಾಯಿ ಒಡೆಯದೆ, ಲಿಂಬೆ ಇಡದೆ ಅವನು ಗಾಡಿ ಹತ್ತುವವನಲ್ಲ. ಹೊಸ ಹಬ್ಬುಗಳಿಗೆ ಕುಂಕುಮ ಹಚ್ಚಿದ, ಗೊಂಡೆ ಹೂ ಸಿಕ್ಕಿಸಿದ, ಕಣ್ಣುಮುಚ್ಚಿ ಊರಿನ ಎಲ್ಲ ದೈವಗಳ ಹೆಸರು ಹೇಳಿದ. ಆ ಹೆಸರುಗಳ ಮಧ್ಯೆ ಸಿದ್ರಾಮನ ಮಾತು ಎಲ್ಲೋ ಹಾರಿಹೋಯಿತು.

"ದೇಜಪ್ಪಣ್ಣ, ಸಮಝ್ ಗಯೇ ನಾ?" ಎಂದ ಕೌಶಲ್.

ಗೊತ್ತಾಗಲಿಲ್ಲ, ಇನ್ನೊಮ್ಮೆ ಹೇಳಿ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹದಿನೇಳು ವರ್ಷದ ಡ್ರೈವರನಿಗೆ ಗೊತ್ತಾಗಲಿಲ್ಲ ಎಂದು ಧನಿಗಳ ಮಗನ ಎದುರು ಹೇಳುವುದುಂಟೇ? ಅಂಥ ಮಾತಿಗೇ ಕಾದಿರುತ್ತಾರೆ ಜನ. "ಹೂಂ, ಗೊತ್ತಾಯ್ತು ಸಣ್ಣ ಧನಿ. ಇದರಲ್ಲೆಂತ ಉಂಟು ಗೊತ್ತಾಗ್ಲಿಕ್ಕೆ!" ಎಂದ ದೇಜಪ್ಪ. ಬಾಗಿ ಅವನ ಮುಖವನ್ನೇ ನೋಡಿದಳು.

ಅದಾಗಿ ಎರಡು ವಾರ ಅವನು ಗಾಡಿ ಓಡಿಸಿದ್ದು ಹೆದರಿಕೊಂಡೇ. ಗುಂಡಿ ತಿರುಗಿಸಬೇಕೆಂಬುದು ಅವನಿಗೆ ಗೊತ್ತಿಲ್ಲ, ಲಿವರ್ ಎಳೆದರೆ ಸಾಕು ಎಂದೇ ಅವನ ನಂಬಿಕೆ. ಆದರೆ ಗಾಡಿ ಮೊದಲಿನದಲ್ಲ ಎಂದು ಅವನ ಸೊಂಟಕ್ಕೆ ಗೊತ್ತಾಗುತ್ತಿತ್ತು. ಸಿಗ್ನಲ್ಲುಗಳಲ್ಲಿ ನಿಂತಾಗ ಮುಂದಿನ ಗಾಲಿಗಳು ತನ್ನವಲ್ಲ ಎನಿಸುತ್ತಿತ್ತು. ಯಾರನ್ನು ಕೇಳುವುದು? ಕೌಶಲನನ್ನು ಕೇಳಿದರೆ ಮರ್ಯಾದೆ ಹೋಗುತ್ತದೆ, ಸಿದ್ರಾಮನನ್ನು ಕೇಳಿದರೆ ಅವನು ಕೌಶಲನಿಗೆ ಹೇಳುತ್ತಾನೆ. ಬಾಗಿಯನ್ನು ಕೇಳುವ ಯೋಚನೆ ಅವನಿಗೆ ಕನಸಿನಲ್ಲೂ ಬರಲಿಲ್ಲ.

ಆಗಸ್ಟಿನ ಒಂದು ಭಾನುವಾರ ಠಾಣೆಯ ಘೋಡಬಂದರ್ ರಸ್ತೆಯ ಆಚೆ ಸೀಮಂತದ ಊಟ. ಎತ್ತರೆತ್ತರದ ಬಿಲ್ಡಿಂಗುಗಳೆಲ್ಲ ಮುಗಿದ ಮೇಲೆ ಗುಡ್ಡದ ಪಕ್ಕೆಯಲ್ಲಿ ಒಂದು ಬಂಗಲೆ. ಸೀಮಂತ ಆ ಮನೆಯ ಮಗಳು ದಿಶಾಳಿಗೆ, ನೂರಿಪ್ಪತ್ತು ಎಲೆ. ಬಡಿಸುವವರು ಟ್ರೈನಿನಲ್ಲಿ ಠಾಣೆಗೆ ಬಂದು ಒಂಬತ್ತಕ್ಕೆ ಮುಟ್ಟುವವರು. ಬೆಳಗಾಗುತ್ತಲೇ ಗಾಡಿಯಲ್ಲಿ ಬಂದವರು ನಾಲ್ವರು: ದೇಜಪ್ಪ, ಬಾಗಿ, ಕೌಶಲ್, ಮತ್ತು ಅಡುಗೆಯ ಮಧ್ವರಾಜ ಭಟ್ಟರು.

ರಾತ್ರಿಯೆಲ್ಲ ಮಳೆ ಹೊಡೆದಿತ್ತು. ಬಂಗಲೆಯ ದಾರಿಯ ಕೊನೆಯ ಏರಿನಲ್ಲಿ ಹಿಂದಿನ ಗಾಲಿ ಒಮ್ಮೆ ಜಾರಿ ಗಾಡಿ ಅಡ್ಡಕ್ಕೆ ಎಳೆಯಿತು. ದೇಜಪ್ಪ ಗಿಡ್ಡ ಲಿವರ್ ಎಳೆದ. ಎಳೆದ ಮೇಲೂ ಏನೂ ಬದಲಾಗಲಿಲ್ಲ. ಹೇಗೋ ಎಕ್ಸಿಲೇಟರ್ ಒತ್ತಿ ಒತ್ತಿ ಹತ್ತಿಸಿದ. ಅಂಗೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು. "ಮಳೆ ಜೋರಲ್ವಾ" ಎಂದ, ಯಾರೂ ಕೇಳದಿದ್ದರೂ.

ಗೇಟು ಮೇಲೆ, ಹಿತ್ತಲು ಕೆಳಗೆ. ನಡುವೆ ಕೆಂಪು ಮಣ್ಣಿನ ಇಳಿಜಾರು. ತಿರುಗಿಸಲು ಜಾಗವಿಲ್ಲದ್ದರಿಂದ ಗಾಡಿಯನ್ನು ಮೂತಿ ಕೆಳಗಾಗಿಯೇ ಇಳಿಸಿ ಅರ್ಧದಲ್ಲಿ ನಿಲ್ಲಿಸಬೇಕಾಯಿತು. ಅದರ ಮೂತಿಯ ನೇರಕ್ಕೆ, ಇಪ್ಪತ್ತು ಹೆಜ್ಜೆ ಕೆಳಗೆ, ತಾಡಪಾಲು ಕಟ್ಟಿದ ಅಡುಗೆಯ ಜಾಗ. ಅದರ ಬೆನ್ನಿಗೇ ಮನೆಯ ಗೋಡೆ, ಗೋಡೆಯಲ್ಲಿ ಒಂದು ಕಿಟಕಿ, ಕಿಟಕಿಯೊಳಗೆ ಹೆಂಗಸರು ದಿಶಾಳ ಜಡೆಗೆ ಹೂ ಕಟ್ಟುತ್ತ ನಗುತ್ತಿದ್ದರು, ಪಕ್ಕದ ಮಂಚದಲ್ಲಿ ಮನೆಯ ಅಜ್ಜಿ ಮಲಗಿದ್ದರು. ದೇಜಪ್ಪ ಎಂದಿನಂತೆ ರಿವರ್ಸ್ ಗೇರು ಹಾಕಿ, ಲಿವರ್ ಎಳೆದು, ಇಂಜಿನ್ ಬಂದ್ ಮಾಡಿ, ಸೀಟಿನ ಹಿಂದಿಟ್ಟಿದ್ದ ಕರಿಕಲ್ಲನ್ನು ಮುಂದಿನ ಗಾಲಿಗೆ ಕೊಟ್ಟ. ಇಳಿಜಾರಿನತ್ತ ಮತ್ತೊಮ್ಮೆ ನೋಡಿದ.

ಕೌಶಲ್ ಬಾಳೆಲೆ ತರಲು ರಿಕ್ಷಾ ಹಿಡಿದು ಕೆಳಗೆ ಹೋದ. ಭಟ್ಟರು ಒಲೆಗಳನ್ನು ಜೋಡಿಸಿ, ಮೂರಕ್ಕೆ ಬೆಂಕಿ ಕೊಟ್ಟು, ನಾಲ್ಕನೆಯದರ ಮೇಲೆ ಸಾಂಬಾರಿನ ಬೇಳೆಗೆ ದೊಡ್ಡ ಪಾತ್ರೆ ಏರಿಸಿದರು. ಆ ಒಲೆಯ ಒಂದು ಕಾಲು ಮಣ್ಣಿನಲ್ಲಿ ತಗ್ಗಿ ಪಾತ್ರೆ ವಾಲಿತು. ಅಡುಗೆಯವರ ಕಣ್ಣಿಗೆ ಕಲ್ಲೆಂದರೆ ಒಲೆಗೆ ಇರುವುದು, ಗಾಲಿಗೆ ಅಲ್ಲ. ಭಟ್ಟರು ಅತ್ತಿತ್ತ ನೋಡಿದರು, ಗಾಡಿಯ ಮುಂದೆ ಹದವಾದ ಕರಿಕಲ್ಲು ಕಂಡಿತು, ಒದ್ದು ಬಿಡಿಸಿ ತಂದು ಒಲೆಯ ಕಾಲಡಿಗೆ ಕೊಟ್ಟರು. ಪಾತ್ರೆ ಸಮ ನಿಂತಿತು, ಬೇಳೆ, ನೀರು ತುಂಬಿ ಅದಕ್ಕೂ ಬೆಂಕಿ ಕೊಟ್ಟರು. ಅವರು ಸಂತೋಷದಿಂದ ಒಂದು ಎಲೆ ಅಡಿಕೆ ಹಾಕಿಕೊಂಡರು. ಹಿಂದಿನಿಂದ ಅಕ್ಕಿಯ ಚೀಲ ಇಳಿಸುತ್ತಿದ್ದ ದೇಜಪ್ಪನಿಗೆ ಇದು ಕಾಣಲೇ ಇಲ್ಲ.

ಚೀಲ, ಕೊಪ್ಪರಿಗೆ, ಉಳಿದ ಸಿಲಿಂಡರು, ತೆಂಗಿನಕಾಯಿಯ ಗೋಣಿ, ಒಂದೊಂದು ಇಳಿದಂತೆ ಗಾಡಿಯ ಹಿಂಭಾಗ ಹಗುರಾಗುತ್ತ ಬಂತು. ಕೊನೆಯ ಚೀಲವನ್ನು ಹೊರಗಿಟ್ಟು ಬಂದ ದೇಜಪ್ಪ ಉಸಿರು ತೆಗೆದುಕೊಳ್ಳಲು ಹಿಂದಿನ ಹಲಗೆಗೆ ಕೈ ಊರಿದ. ಹಲಗೆ ಅಲ್ಲಿರಲಿಲ್ಲ. ಒಂದು ಗೇಣು ಮುಂದಿತ್ತು.

ಅವನು ತಾನೇ ಹಿಂದೆ ಸರಿದೆನೋ ಎಂದು ಕಾಲ ಕೆಳಗೆ ನೋಡಿದ. ಇಲ್ಲ. ಹಿಂದಿನ ಗಾಲಿಗಳು ತಿರುಗದೆ, ಹಿಡಿದಂತೆಯೇ, ಕೆಂಪು ಕೆಸರಿನಲ್ಲಿ ಎರಡು ಗೀರು ಎಳೆಯುತ್ತ ಜಾರುತ್ತಿದ್ದವು. ಬಗ್ಗಿ ಗಾಡಿಯಡಿಯಿಂದ ಮುಂದೆ ನೋಡಿದ. ಮುಂದಿನ ಗಾಲಿಗಳು ತಿರುಗುತ್ತಿದ್ದವು. ಮೆಲ್ಲಗೆ, ಸದ್ದಿಲ್ಲದೆ, ಯಾರ ಹಂಗೂ ಇಲ್ಲದೆ ತಿರುಗುತ್ತಿದ್ದವು. ಲಿವರ್ ಎಳೆದಿದ್ದ ಗಾಡಿಯಲ್ಲಿ ಅವು ತಿರುಗಲೇಬಾರದಿತ್ತು. ಆ ಗಾಲಿಗಳ ನೇರಕ್ಕೆ, ಇತ್ತ ಬೆನ್ನು ಹಾಕಿ, ಬಾಗಿ ಮೆಟ್ಟುಕತ್ತಿಯ ಮೇಲೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದಳು.

"ಬಾಗೀ!" ಎಂದು ಕೂಗಿದ. ನಾಲ್ಕು ಒಲೆಗಳ ಭೋರ್ಗರೆತದಲ್ಲಿ ಅದು ಅವಳಿಗೆ ಕೇಳಿಸಲಿಲ್ಲ.

ಅವನು ಓಡಿದ್ದು ಹೇಗೆ, ಬಾಗಿಲು ತೆರೆದದ್ದು ಹೇಗೆ ಎಂದು ಆಮೇಲೆ ಎಷ್ಟು ಕೇಳಿದರೂ ಅವನಿಗೆ ನೆನಪಾಗಲಿಲ್ಲ. ಮೊಣಕಾಲು ಬಾಗಿಲಿಗೆ ಬಡಿಯಿತು, ಒಂದು ಚಪ್ಪಲಿ ಕೆಸರಿನಲ್ಲಿ ಉಳಿಯಿತು, ಮೈಯನ್ನು ಸೀಟಿಗೆ ಎಸೆದು ಬಲಗಾಲನ್ನು ಬ್ರೇಕಿನ ಮೇಲೆ ಒತ್ತಿದ. ಇಂಜಿನ್ ಬಂದಾಗಿದ್ದ ಗಾಡಿಯ ಬ್ರೇಕು ಕಲ್ಲಿನಷ್ಟು ಗಟ್ಟಿ. ಸ್ಟೇರಿಂಗ್ ಹಿಡಿದು, ಸೊಂಟ ಎತ್ತಿ, ಮೈಭಾರವೆಲ್ಲ ಹಾಕಿ ತುಳಿದ. ಗಾಡಿ ಒಮ್ಮೆ ಮೂಗು ತಗ್ಗಿಸಿ ನಿಂತಿತು. ಬಾಗಿಗೂ ಬಂಪರಿಗೂ ಹತ್ತು ಹೆಜ್ಜೆ.

ಭಟ್ಟರು ಮೊದಲು ನೋಡಿದರು. ಬಾಯಲ್ಲಿದ್ದ ಎಲೆ ಅಡಿಕೆ ಹಾಗೇ ಉಳಿಯಿತು. ಬಾಗಿ ತಿರುಗಿ ನೋಡಿದಳು, ಎದ್ದು ನಿಂತಳು.

"ದೂರ ಹೋಗು! ಕಲ್ಲೆಲ್ಲಿ? ಕಲ್ಲು ಕೊಡಿ ಭಟ್ರೇ!" ಎಂದು ದೇಜಪ್ಪ ಕಿರುಚಿದ.

ಭಟ್ಟರು ಒಲೆಯಡಿಯ ಕಲ್ಲನ್ನು ನೋಡಿ ಕೆಟ್ಟ ಮುಖ ಮಾಡಿದರು. ಅದರ ಮೇಲೆ ಕುದಿಯುವ ಬೇಳೆಯ ಪಾತ್ರೆ, ಎತ್ತಲು ನಾಲ್ಕು ಆಳು ಬೇಕು. ತೆಂಗಿನಕಾಯಿಯ ಗೋಣಿಯನ್ನು ದರದರ ಎಳೆದು ಹಿಂದಿನ ಗಾಲಿಗೆ ಅಡ್ಡ ಕೊಟ್ಟರು. ಗೋಣಿಯೂ ಅದೇ ಕೆಸರಿನ ಮೇಲೆ ತಾನೇ ಜಾರಿತು. ಆಮೇಲೆ ಒಂದೊಂದಾಗಿ ಒಲೆಗಳನ್ನು ಆರಿಸಿದರು. ಕೌಶಲನಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಗಾಡಿಯ ಕಿಟಕಿಗೆ ಹಿಡಿದರು.

"ಹಬ್ ಲಾಕ್ ಮಾಡಿದ್ದೀರಲ್ವಾ ದೇಜಪ್ಪಣ್ಣ?" ಎಂದಿತು ಫೋನು. "ಎರಡೂ ಸೈಡ್ ಲಾಕ್ ಹೈ ನಾ?"

ಕಾಲಡಿಯಲ್ಲಿ ಎರಡು ಸಾವಿರ ಕಿಲೋ ಗಾಡಿ, ಕೆಳಗೆ ಹೆಂಡತಿ, ಗೋಡೆಯಾಚೆ ಬಸುರಿ ಹೆಂಗಸು. ಆಗಲಾದರೂ ಸತ್ಯ ಹೇಳಬೇಕೋ ಬೇಡವೋ? ಏನು ಹಬ್ಬು, ಏನು ಲಾಕು, ಅವನಿಗೆ ಒಂದೂ ತಿಳಿಯದು. ಆದರೂ ಬಾಯಿಂದ ಬಂದದ್ದು ಎರಡು ವಾರದಿಂದ ಬರುತ್ತಿದ್ದ ಮಾತೇ. "ಹೂಂ. ಮಾಡಿದ್ದೇನೆ."

"ಹಾಗಾದ್ರೆ ಎಲ್ಲಿಗೂ ಹೋಗಲ್ಲ, ಟೆನ್ಶನ್ ಮತ್ ಲೋ. ದಸ್ ಮಿನಿಟ್‌ನಲ್ಲಿ ಬಂದೆ."

ಹತ್ತು ನಿಮಿಷ. ದೇಜಪ್ಪನ ತೊಡೆ ಆಗಲೇ ನಡುಗುತ್ತಿತ್ತು. ಇಂಜಿನ್ ಹೊತ್ತಿಸಿ ಹಿಂದಕ್ಕೆ ಹತ್ತಿಸೋಣವೇ ಎಂದರೆ, ಕ್ಲಚ್ ಒತ್ತಿದ ಕ್ಷಣ ಹಿಂದಿನ ಗಾಲಿಗಳ ಹಿಡಿತವೂ ಹೋಗುತ್ತದೆ, ಎಕ್ಸಿಲೇಟರಿಗೆ ಕಾಲು ಕೊಡಬೇಕಾದರೆ ಬ್ರೇಕನ್ನು ಬಿಡಬೇಕು, ಬರಿದಾದ ಹಿಂಭಾಗ ಕೆಸರಿನಲ್ಲಿ ಸುಮ್ಮನೆ ಸುತ್ತುತ್ತದೆ. ಹಾರಿಬಿಟ್ಟರೆ ತಾನು ಉಳಿದಾನು. ಉಳಿದು ಯಾರ ಮುಖ ನೋಡುವುದು?

ಬಾಗಿ ಎಡಗಡೆಯ ಕಿಟಕಿಯ ಹತ್ತಿರ ಬಂದಳು. ಗಂಡಹೆಂಡತಿಯ ಮಾತು ಯಾವಾಗಲೂ ತುಳುವಿನಲ್ಲಿ. ಆ ತುಳುವಿನಲ್ಲೇ ಅವಳು ಹೇಳಿದ್ದು ಇಷ್ಟು: "ಸುಳ್ಳು ಯಾಕೆ ಹೇಳಿದ್ರಿ? ಕೆಂಪು ಚುಕ್ಕೆ ಮೇಲೆ ಇಲ್ಲ. ಅವತ್ತಿನಿಂದಲೂ ಇಲ್ಲ."

"ಯಾವ ಚುಕ್ಕೆ?"

ಅವನಿಗೆ ಏನೇನೂ ಗೊತ್ತಿಲ್ಲವೆಂದು ಅವಳಿಗೆ ಅರ್ಥವಾದದ್ದು ಆಗ. "ಗೊತ್ತಿದ್ದೇ ಹಾಗೆ ಇಟ್ಟಿದ್ದೀರಿ ಅಂದ್ಕೊಂಡಿದ್ದೆ ನಾನು" ಎಂದಳು. ಆಮೇಲೆ ಭಟ್ಟರ ಕಡೆ ತಿರುಗಿ, ಕನ್ನಡದಲ್ಲಿ, ಅಪ್ಪಣೆ ಕೊಡುವವಳಂತೆ: "ಭಟ್ರೇ, ಒಳಗಿನವರನ್ನೆಲ್ಲ ಎದುರು ಬಾಗಿಲಿಂದ ಹೊರಗೆ ಕಳಿಸಿ. ಅಜ್ಜಿ ಮಲಗಿದ್ದಾರೆ, ಎತ್ತಿಕೊಂಡು ಬನ್ನಿ. ಓಡಿ."

ಭಟ್ಟರು ಪಂಚೆ ಎತ್ತಿ ಕಟ್ಟಿ ಓಡಿದರು. ಬಾಗಿ ಸೆರಗು ಸಿಕ್ಕಿಸಿ ಗಾಡಿಯ ಮುಂದಕ್ಕೆ ನಡೆದಳು.

"ಎಲ್ಲಿಗೆ ಹೋಗ್ತಿ? ಬಾಗಿ, ಬೇಡ. ದೂರ ಹೋಗು ಅಂದೆ ನಾನು!"

"ನೀವು ಒಳಗಿದ್ದೀರಿ. ನಾನು ಎಲ್ಲಿಗೆ ಹೋಗ್ಲಿ?"

ಎಡಗಡೆಯ ಗಾಲಿಯ ಪಕ್ಕ ಅವಳು ಕುಕ್ಕರಗಾಲಲ್ಲಿ ಕೂತಳು. ದೇಜಪ್ಪನಿಗೆ ಅವಳ ತಲೆ ಮರೆಯಾಯಿತು. ಬಾನೆಟ್ಟಿನ ಅಂಚಿನಲ್ಲಿ ಒಮ್ಮೆ ಕೈಯ ಹಸಿರು ಬಳೆ ಕಂಡಿತು, ಅದೂ ಹೋಯಿತು. ಕಾಣದ ಹೆಂಡತಿ ಕಾಣುವ ಹೆಂಡತಿಗಿಂತ ಹತ್ತು ಪಾಲು ಹೆದರಿಕೆ ಹುಟ್ಟಿಸುತ್ತಾಳೆಂದು ಅವನಿಗೆ ಅಂದು ತಿಳಿಯಿತು. ಕಬ್ಬಿಣ ಕಬ್ಬಿಣಕ್ಕೆ ಉಜ್ಜುವ ಸದ್ದು ಬಂತು.

"ತಿರುಗಿತು. ಆದರೆ ಕಟಕ್ ಅನ್ಲಿಲ್ಲ" ಎಂದಿತು ಅವಳ ದನಿ. "ಒಂದಿಂಚು ಬಿಡಿ."

"ಎಂತ?"

"ಬ್ರೇಕು. ಒಂದಿಂಚು ಬಿಟ್ಟು ಹಿಡೀರಿ. ಒಳಗಿನ ಹಲ್ಲು ಕೂಡಬೇಕು. ಸಿದ್ರಾಮ ಹೇಳಿದ್ದಾನೆ."

"ಆಗ್ಲಿಕ್ಕಿಲ್ಲ. ನನ್ನಿಂದ ಆಗ್ಲಿಕ್ಕಿಲ್ಲ ಬಾಗಿ."

"ನಾನು ಪಕ್ಕದಲ್ಲಿದ್ದೇನೆ, ಮುಂದೆ ಇಲ್ಲ. ಬಿಡಿ ಮಾರಾಯ್ರೆ!"

ಪಕ್ಕದಲ್ಲಿ ಎಂದರೆ ಎಷ್ಟು ಪಕ್ಕ? ಸೀರೆಯ ನೆರಿಗೆ ಗಾಲಿಯಡಿಗೆ ಬಂದರೆ? ಅವನು ಹಲ್ಲು ಕಚ್ಚಿ ಕಾಲನ್ನು ಕೂದಲೆಳೆಯಷ್ಟು ಸಡಿಲಿಸಿದ. ಗಾಡಿ ಕಾದಿದ್ದಂತೆ ಮುಂದಕ್ಕೆ ಬಂತು. ಇಂಚಲ್ಲ, ಒಂದು ಗೇಣು. ಅವನು ಚೀರುತ್ತ ಮತ್ತೆ ತುಳಿದ. ಆ ಚೀರಾಟದ ನಡುವೆ ಎಡಗಡೆಯಿಂದ ಕಟಕ್ ಎಂದಿತು.

"ಕೂತಿತು!" ಎಂದಳು. "ಒಂದು ಕಡೆ ಆದರೆ ಉಪಯೋಗ ಇಲ್ಲ. ಇನ್ನು ಆ ಕಡೆ."

ಆ ಕಡೆ ಹೋಗಲು ಗಾಡಿಯ ಮುಂದಿನಿಂದ ದಾಟುವುದೇ ಹತ್ತಿರ. ಹಿಂದಿನಿಂದ ಸುತ್ತಿ ಬಾ ಎಂದು ಅವನು ಕೂಗುವಷ್ಟರಲ್ಲಿ ಅವಳು ಬಂಪರಿನ ಎದುರಿಗೇ ಬಂದಾಗಿತ್ತು. ಮೊಣಕಾಲು ನೋವಿನವಳು, ಬಾನೆಟ್ಟಿಗೆ ಕೈಯೂರಿ, ಕೆಸರಿನಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ದಾಟಿದಳು. ಗಾಜಿನ ಆಚೆ ಅವಳ ಮುಖ ಪೂರ್ತಿ ಕಂಡಿತು. ಅವಳೂ ಹೆದರಿದ್ದಳು. ತುಟಿ ಬೆಳ್ಳಗಾಗಿತ್ತು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವಳಿಗೆ ಏನಾದರೂ ಆದೀತೆಂಬ ಯೋಚನೆಯೇ ಅವನಿಗೆ ಬಂದದ್ದಿಲ್ಲ. ಈಗ ಅದೊಂದೇ ಯೋಚನೆ ತಲೆ ತುಂಬ ಇತ್ತು, ಮತ್ತು ಅವಳು ಬದುಕುವುದೋ ಸಾಯುವುದೋ ಅವನ ಒಂದು ಪಾದದ ಮೇಲಿತ್ತು.

ಆ ಪಾದದ ಸುದ್ದಿಯೇ ಅವನಿಗೆ ಬರುತ್ತಿರಲಿಲ್ಲ. ಮೊದಲು ತೊಡೆ ಉರಿಯಿತು, ಆಮೇಲೆ ಮೀನಖಂಡ ಗಂಟು ಕಟ್ಟಿತು, ಆಮೇಲೆ ಕಾಲಿನ ಕೆಳಭಾಗವೆಲ್ಲ ಜೋಮು ಹಿಡಿದು ಇದೆಯೋ ಇಲ್ಲವೋ ಎಂಬಂತಾಯಿತು. ಒತ್ತು, ಒತ್ತು ಎಂದು ಅವನು ಕಾಲಿಗೆ ಹೇಳುತ್ತಿದ್ದ. ಕೆಳಗೆ ನೋಡುವ ಧೈರ್ಯ ಇರಲಿಲ್ಲ, ಕಣ್ಣು ತೆಗೆದರೆ ಬಾಗಿ ಎಲ್ಲಿದ್ದಾಳೆಂದು ತಪ್ಪಿಹೋಗುತ್ತದೆ.

ಅವಳು ಬಲಗಡೆಯ ಗಾಲಿಯ ಹತ್ತಿರ ಕೂತಳು. ಅವನ ಕಿಟಕಿಯ ಕೆಳಗೇ ಆದ್ದರಿಂದ ಬಗ್ಗಿದ ಬೆನ್ನು ಅಷ್ಟು ಕಾಣುತ್ತಿತ್ತು. "ಕೆಸರು ತುಂಬಿದೆ, ಗುಂಡಿ ತಿರುಗ್ತಾ ಇಲ್ಲ" ಎಂದಳು. ಉಗುರಿನಿಂದ ಕೆರೆದಳು. ತಲೆಯ ಪಿನ್ನು ತೆಗೆದು ಅದರಿಂದ ಕೆರೆದಳು. ಎಷ್ಟು ಹೊತ್ತಾಯಿತೋ. ಮನೆಯೊಳಗೆ ಭಟ್ಟರ ಗದ್ದಲ, ಯಾರೋ ಅಳುವುದು, ಯಾರೋ ಮರಾಠಿಯಲ್ಲಿ ಬೈಯುವುದು ಕೇಳಿಸುತ್ತಿತ್ತು.

"ತಿರುಗಿತು" ಎಂದಳು ಕೊನೆಗೆ. "ಇನ್ನೊಂದು ಸಲ ಬಿಡಿ. ಒಂದಿಂಚು."

"ಬಿಡುವುದಿಲ್ಲ! ನಿನ್ನ ಕೈ ಒಳಗೆ ಉಂಟು. ನಾನು ಬಿಡುವುದಿಲ್ಲ!"

ಕಟಕ್.

ಸದ್ದು ಎಷ್ಟು ಸಣ್ಣದೆಂದರೆ, ಪೆಟ್ಟಿಗೆಯ ಬೀಗ ಹಾಕಿದಷ್ಟು. ಗಾಡಿ ಒಮ್ಮೆ ಜಗ್ಗಿ, ನಾಲ್ಕೂ ಕಾಲೂರಿ ನಿಂತಿತು. ಮೈಯೆಲ್ಲ ಗೊತ್ತಿದ್ದ ನಿಲುವು ಅದು, ಹದಿನೇಳು ವರ್ಷ ಅವನು ನಂಬಿದ ನಿಲುವು.

ಬಾಗಿ ಗಾಲಿಯನ್ನೇ ಹಿಡಿದುಕೊಂಡು ಎದ್ದಳು. "ಆಯ್ತು. ಎರಡೂ ಕೂತಿತು. ಇನ್ನು ಇಳೀರಿ."

"ಇಲ್ಲ. ನಾನು ಕಾಲು ತೆಗೆದರೆ ಹೋಗ್ತದೆ. ಹಿಡ್ಕೊಂಡಿದ್ದೇನೆ. ನೀನು ಮೊದಲು ದೂರ ಹೋಗು. ಹೋಗ್ತೀಯಾ ಇಲ್ವಾ? ನಾನು ಹಿಡ್ಕೊಂಡಿದ್ದೇನೆ!" ಕಣ್ಣೀರು, ಬೆವರು ಎರಡೂ ಸೇರಿ ಮೀಸೆಯಿಂದ ಇಳಿಯುತ್ತಿತ್ತು.

ಅವಳು ಬಾಗಿಲು ತೆರೆದು ಒಳಗೆ ನೋಡಿದಳು. ಆಮೇಲೆ ಮಗುವಿಗೆ ಹೇಳುವ ಹಾಗೆ ಹೇಳಿದಳು.

"ನಿಮ್ಮ ಕಾಲು ಬ್ರೇಕಿನ ಮೇಲೆ ಇಲ್ಲ."

ಅವನು ಕೆಳಗೆ ನೋಡಿದ. ಕೆಸರು ಮೆತ್ತಿದ ಬರಿಯ ಪಾದ ಬ್ರೇಕಿನಿಂದ ಜಾರಿ, ಪಕ್ಕದ ತಗಡಿನ ಮೇಲೆ ಮಡಚಿಕೊಂಡು ಬಿದ್ದಿತ್ತು. ಬೇರೆ ಯಾರದೋ ಪಾದ ಬಿದ್ದಿದ್ದ ಹಾಗಿತ್ತು. ಬ್ರೇಕಿನ ಮೇಲೆ ಮಾತ್ರ ಅವನ ಹೆಬ್ಬೆರಳಿನ ಕೆಸರಿನ ಗೀರು ಕೆಳಗಿನವರೆಗೂ ಎಳೆದುಕೊಂಡು ಬಂದಿತ್ತು.

ಬಾಗಿ ಅವನ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಹೊರಗೆ ತಂದಳು. ಅವನು ಇಳಿದು ಕೆಸರಿನಲ್ಲೇ ಕೂತುಬಿಟ್ಟ. ಗಾಡಿ ಅಲ್ಲಾಡಲಿಲ್ಲ. ಆ ಒಂದಿಂಚು ಗಾಡಿ ಸರಿದದ್ದು ಹೇಗೆಂದು ಅವನಿಗೆ ಆಗ ಹೊಳೆಯಿತು. ಅವನು ಬಿಟ್ಟಿರಲಿಲ್ಲ. ಕಾಲು ತಾನಾಗಿ ಬಿದ್ದುಹೋಗಿತ್ತು. ಗುಂಡಿ ತಿರುಗುವ ಮೊದಲು ಬಿದ್ದಿದ್ದರೆ? ಕೆರೆಯುತ್ತಿದ್ದಾಗ ಬಿದ್ದಿದ್ದರೆ? ಅವಳು ಬಂಪರಿನ ಎದುರು ಬಾನೆಟ್ಟಿಗೆ ಕೈಯೂರಿ ನಡೆಯುತ್ತಿದ್ದಾಗ ಆ ಪಾದ ಬ್ರೇಕಿನ ಯಾವ ಅಂಚಿನಲ್ಲಿತ್ತು? ಅವನು ಅದನ್ನೇ ಕೇಳಿದ. "ನೀನು ದಾಟುವಾಗ ನನ್ನ ಕಾಲು ಎಲ್ಲಿತ್ತು ಬಾಗಿ?"

"ನನಗೆ ಹೇಗೆ ಗೊತ್ತಾಗಬೇಕು?" ಎಂದಳು ಅವಳು. ಸೆರಗಿನಿಂದ ಅವನ ಪಾದದ ಕೆಸರು ಒರೆಸತೊಡಗಿದಳು.

ರಿಕ್ಷಾ ಬಂದು ಗೇಟಿನಲ್ಲಿ ನಿಂತಿತು. ಕೌಶಲ್ ಬಾಳೆಲೆಯ ಕಟ್ಟು ಹೆಗಲಿಗೇರಿಸಿ ಇಳಿದು ಬಂದ. ಗಾಲಿಗಳ ಗೀರು ನೋಡಿದ, ಆರಿದ ಒಲೆ ನೋಡಿದ, ಎರಡೂ ಹಬ್ಬುಗಳ ಮೇಲೆ ಬಂದಿದ್ದ ಕೆಂಪು ಚುಕ್ಕೆ ನೋಡಿದ. ಮುಖ ಅರಳಿತು. "ಲಾಕ್ ಹೈ! ಇಲ್ಲಾಂದ್ರೆ ಇವತ್ತು ಕೆಲಸ ಕೆಟ್ಟಿತ್ತು. ಶಾಭಾಸ್ ದೇಜಪ್ಪಣ್ಣ, ನಿಮಗೆ ಗೊತ್ತಿದ್ದದ್ದಕ್ಕೆ ಬಚಾವ್."

ಬಾಗಿ ಬಾಯಿ ಬಿಡುವುದಿಲ್ಲವೆಂದು ದೇಜಪ್ಪನಿಗೆ ಗೊತ್ತಿತ್ತು. ಇನ್ನೊಂದು ಹೂಂ ಅಂದರೆ ಸಾಕಿತ್ತು. ಗಾಡಿ ಅವನ ಕೈಯಲ್ಲೇ ಉಳಿಯುತ್ತಿತ್ತು, ಇನ್ನೂ ನಾಲ್ಕು ವರ್ಷ, ಐದು ವರ್ಷ. ಅದೇ ಗಾಡಿಯಲ್ಲಿ, ಅವನ ಪಕ್ಕದ ಸೀಟಿನಲ್ಲಿ, ದಿನಾ ಬಾಗಿ ಕೂರುತ್ತಿದ್ದಳು.

ಅವನು ಎದ್ದು ಜೇಬಿನಲ್ಲಿ, ಸೀಟಿನಲ್ಲಿ ತಡಕಾಡಿ, ಆಮೇಲೆ ಕೀ ಗಾಡಿಯಲ್ಲೇ ಇದೆಯೆಂದು ನೆನಪಾಗಿ ಅದನ್ನು ಕಿತ್ತು ತಂದ. ಕೌಶಲನ ಕೈ ಹಿಡಿದು ಅದರಲ್ಲಿಟ್ಟ.

"ನನಗೆ ಗೊತ್ತಿರಲಿಲ್ಲ ಸಣ್ಣ ಧನಿ. ಆ ಹಬ್ಬಿನದ್ದು ಒಂದಕ್ಷರ ಗೊತ್ತಿರಲಿಲ್ಲ, ಫೋನಿನಲ್ಲಿ ಸುಳ್ಳು ಹೇಳಿದೆ. ತಿರುಗಿಸಿದ್ದು ಇವಳು" ಎಂದ. ಕೌಶಲ್ ಏನೋ ಹೇಳಲು ಹೋದ. ದೇಜಪ್ಪ ಕೈಯೆತ್ತಿ ತಡೆದ. "ಅದಲ್ಲ. ಅದನ್ನು ಕಲಿಯಬಹುದು. ಇವಳು ಗಾಲಿಯ ಹತ್ತಿರ ಇದ್ದಾಗ ಬ್ರೇಕಿನ ಮೇಲೆ ನನ್ನ ಕಾಲು ಇರಲಿಲ್ಲ. ಉಂಟು ಉಂಟು ಅಂತ ನಾನು ಬೊಬ್ಬೆ ಹೊಡೀತಿದ್ದೆ."